ಮ್ಯಾಗ್ನೆಟೋ ಚೆಕ್‌ನಲ್ಲಿ ಎಂಜಿನ್ ನಡುಗಿದರೆ: ಕೆಟ್ಟ ಪ್ಲಗ್ ಹುಡುಕುವ ದಾರಿ

ದೂರು ಸಾಮಾನ್ಯವಾಗಿ ಹೀಗೆ ಬರುತ್ತದೆ. ಟೇಕಾಫ್‌ಗೆ ಮುಂಚೆ ಪೈಲಟ್ ಎಂಜಿನ್ನನ್ನು 1700 ಆರ್‌ಪಿಎಂಗೆ ಏರಿಸಿ, ಕೀಯನ್ನು ಒಂದೊಂದೇ ಮ್ಯಾಗ್ನೆಟೋಗೆ (ಪ್ಲಗ್‌ಗಳಿಗೆ ಕಿಡಿಯ ಕರೆಂಟ್ ಹುಟ್ಟಿಸುವ ಸಾಧನಕ್ಕೆ) ತಿರುಗಿಸಿದರು. ಎಡದಲ್ಲಿ 75 ಆರ್‌ಪಿಎಂ ಇಳಿಯಿತು, ಸರಿ. ಬಲಕ್ಕೆ ಬಂದ ಕೂಡಲೇ ಎಂಜಿನ್ ಗಡಗಡ ನಡುಗಿತು, ಸೂಜಿ 200ಕ್ಕಿಂತ ಜಾಸ್ತಿ ಇಳಿಯಿತು. ವಿಮಾನ ವಾಪಸ್ ಹ್ಯಾಂಗರಿಗೆ ಬಂತು. ಬರೆದುಕೊಟ್ಟದ್ದು ಒಂದೇ ಸಾಲು: ‘ಬಲ ಮ್ಯಾಗ್ ರಫ್’.

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಗೌರಿಬಿದನೂರು ಕಡೆಯ ಹುಡುಗರು ವಿಮಾನ ರಿಪೇರಿ ಓದಿ ಬೆಂಗಳೂರಿನ ಜಕ್ಕೂರು ಏರ್‌ಫೀಲ್ಡ್ ಕಡೆ ಕೆಲಸ ಕಲಿಯಲು ಹೋಗುವುದುಂಟು. ಅವರ ಕೈ ಪಳಗಿದ್ದು ಬೈಕ್ ಮೇಲೆ, ಇಲ್ಲವೇ ದ್ರಾಕ್ಷಿ ತೋಟದ ಪೆಟ್ರೋಲ್ ಸ್ಪ್ರೇಯರ್ ಮೇಲೆ. ಒಳ್ಳೇ ಕೈ, ಅದರಲ್ಲಿ ಅನುಮಾನವಿಲ್ಲ. ಆದರೆ ಎಂಜಿನ್ ಮಿಸ್ ಹೊಡೆದ ಕೂಡಲೇ ಪ್ಲಗ್‌ಗೆ ಕೈ ಹಾಕುವ ಚಾಳಿಯೂ ಜೊತೆಗೇ ಬಂದಿರುತ್ತದೆ. "ಅಣ್ಣ, ಕೆಳಗಿನ ನಾಲ್ಕೂ ಬಿಚ್ಚಿಬಿಡ್ಲಾ?" ಅಂತ ಪಾನಾ ಹಿಡಿದುಕೊಂಡೇ ಕೇಳುತ್ತಾರೆ. ಸ್ವಲ್ಪ ತಡೀರಿ. ಯಾವ ಪ್ಲಗ್ ಅನ್ನುವುದು ಕೌಲಿಂಗ್ (ಎಂಜಿನ್ನಿನ ಹೊರ ಮುಚ್ಚಳ) ತೆಗೆಯುವ ಮೊದಲೇ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಯಾಕೆ ಕೆಟ್ಟಿತು ಅನ್ನುವುದಕ್ಕೆ ಕಾರಣ, ನಮ್ಮ ಈ ಮೂರು ಸಾವಿರ ಅಡಿ ಎತ್ತರದ ಸೀಮೆಯಲ್ಲಿ, ಹೆಚ್ಚಾಗಿ ಕಾಕ್‌ಪಿಟ್‌ನ ಕೆಂಪು ಮಿಕ್ಸ್ಚರ್ ನಾಬ್‌ನಲ್ಲೇ, ಅಂದರೆ ಗಾಳಿಗೆ ಎಷ್ಟು ಪೆಟ್ರೋಲು ಬೆರೆಯಬೇಕು ಅಂತ ಹೊಂದಿಸುವ ಗುಂಡಿಯಲ್ಲೇ, ಇರುತ್ತದೆ.

ಇಲ್ಲಿ ಹೇಳುವುದೆಲ್ಲ ಲೈಕಮಿಂಗ್ ಒ-235, ಒ-320 ತರಹದ ಕಾರ್ಬ್ಯುರೇಟರ್ ಇರುವ ನಾಲ್ಕು ಸಿಲಿಂಡರಿನ ಎಂಜಿನ್‌ಗಳ ಬಗ್ಗೆ. ಸೆಸ್ನಾ 152, ಹಲವು ಹಳೆಯ 172 ತರಬೇತಿ ವಿಮಾನಗಳಲ್ಲಿ ಇರುವುದು ಇವೇ. ನಿಮ್ಮ ವಿಮಾನದ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಆ ಅಂಕಿಯೇ ಅಂತಿಮ. ಕೆಲಸಕ್ಕೆ ಸಹಿ ಹಾಕುವವರು ಪಿಸ್ಟನ್ ಎಂಜಿನ್ ವಿಮಾನಕ್ಕೆ ಬಿ1.2 ಲೈಸೆನ್ಸ್ ಇರುವ ಎಂಜಿನಿಯರ್. ಕಲಿಯುವವರು ಅವರ ಪಕ್ಕದಲ್ಲಿ ನಿಂತೇ ಮಾಡಬೇಕು.

ಡ್ರಾಪ್ ಓದುವುದು

ಪ್ರತಿ ಸಿಲಿಂಡರಿಗೆ ಎರಡು ಪ್ಲಗ್, ಒಂದು ಮೇಲೆ, ಒಂದು ಕೆಳಗೆ. ಒಟ್ಟು ಎಂಟು. ಮ್ಯಾಗ್ನೆಟೋ ಎರಡು. ಸಾಮಾನ್ಯವಾಗಿ ಒಂದು ಮ್ಯಾಗ್ನೆಟೋ ಒಂದು ಬದಿಯ ಮೇಲಿನ ಪ್ಲಗ್‌ಗಳಿಗೂ ಇನ್ನೊಂದು ಬದಿಯ ಕೆಳಗಿನ ಪ್ಲಗ್‌ಗಳಿಗೂ ಕಿಡಿ ಕೊಡುತ್ತದೆ. ಅಂದರೆ ‘ಬಲ ಮ್ಯಾಗ್’ ಅಂದರೆ ಬಲಗಡೆಯ ಪ್ಲಗ್ ಅಂತ ಅಲ್ಲ. ಯಾವ ವೈರ್ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಚಿತ್ರದಲ್ಲಿ ನೋಡಿಕೊಂಡರೆ ಎಂಟರಲ್ಲಿ ನಾಲ್ಕು ಪ್ಲಗ್ ಆಗಲೇ ಲೆಕ್ಕದಿಂದ ಹೊರಗೆ.

ಈ ಸೆಸ್ನಾಗಳಲ್ಲಿ ಮಿತಿ ಇಷ್ಟು: 1700 ಆರ್‌ಪಿಎಂನಲ್ಲಿ ಯಾವ ಮ್ಯಾಗ್ನೆಟೋದ ಮೇಲೂ 125ಕ್ಕಿಂತ ಜಾಸ್ತಿ ಇಳಿಯಬಾರದು, ಎರಡರ ನಡುವಿನ ವ್ಯತ್ಯಾಸ 50 ದಾಟಬಾರದು. ಆದರೆ ಬರೀ ಅಂಕಿಗಿಂತ ಇಳಿಯುವ ರೀತಿ ಜಾಸ್ತಿ ವಿಷಯ ಹೇಳುತ್ತದೆ. ಪೈಲಟ್ ಹತ್ತಿರ "ಎಷ್ಟು ಇಳೀತು?" ಅಂತ ಕೇಳಿ ಬಿಡಬೇಡಿ. "ಹೇಗೆ ಇಳೀತು?" ಅಂತಲೂ ಕೇಳಿ.

ತಿರುಗಿಸಿದ ಕೂಡಲೇ ಧಡಕ್ಕನೆ ಇಳಿದು ಎಂಜಿನ್ ನಡುಗಿದರೆ ಒಂದು ಸಿಲಿಂಡರ್ ಪೂರ್ತಿ ಸತ್ತಿದೆ. ಪ್ಲಗ್ ಅಥವಾ ಅದಕ್ಕೆ ಹೋಗುವ ವೈರ್. ನಮ್ಮ ಈಗಿನ ಕಥೆ ಇದೇ.

ನಡುಕವಿಲ್ಲದೆ ನಿಧಾನಕ್ಕೆ, ಆದರೆ ಜಾಸ್ತಿ ಇಳಿದರೆ ಪ್ಲಗ್ ಮೇಲೆ ಅನುಮಾನ ಪಡುವುದು ವ್ಯರ್ಥ. ಮ್ಯಾಗ್ನೆಟೋ ಟೈಮಿಂಗ್ ಹಿಂದೆ ಬಿದ್ದಿರಬಹುದು, ಇಲ್ಲವೇ ಮಿಕ್ಸ್ಚರ್ ತೀರಾ ರಿಚ್ (ಪೆಟ್ರೋಲು ಜಾಸ್ತಿ) ಇರಬಹುದು.

ಇಳಿಯದೇ ಇದ್ದರೆ? ಹೊಸಬರು ಖುಷಿ ಪಡುವುದು ಇಲ್ಲೇ. ಸೊನ್ನೆ ಡ್ರಾಪ್ ಒಳ್ಳೆಯ ಸುದ್ದಿ ಅಲ್ಲ. ಆಫ್ ಆಗಬೇಕಾದ ಮ್ಯಾಗ್ನೆಟೋ ಆಫ್ ಆಗುತ್ತಿಲ್ಲ, ಅದರ ಅರ್ಥಿಂಗ್ ವೈರ್ ಎಲ್ಲೋ ಕಡಿದಿದೆ ಅಂತ. ಆ ವಿಮಾನದ ಕೀ ತೆಗೆದು ಜೇಬಿಗೆ ಹಾಕಿಕೊಂಡಿದ್ದರೂ ಪ್ರೊಪೆಲರ್ ಕೈಯಲ್ಲಿ ತಿರುಗಿಸಿದರೆ ಎಂಜಿನ್ ಹೊಡೆಯಬಹುದು. ಕೈ ಹೋಗುತ್ತದೆ, ತಲೆಯೂ ಹೋಗಬಹುದು. ಮೊದಲು ಅದನ್ನು ಸರಿಮಾಡಿ, ಪ್ಲಗ್ ವಿಚಾರ ಆಮೇಲೆ.

ಬಿಚ್ಚುವ ಮೊದಲು ಸುಟ್ಟು ನೋಡಿ

ಪ್ಲಗ್ ಮೇಲೆ ಕೂತಿರುವುದು ಬರೀ ಮಸಿಯಾದರೆ ಎಂಜಿನ್ನಿನ ಬಿಸಿಯಲ್ಲೇ ಉರಿದು ಹೋಗುತ್ತದೆ. ಎರಡೂ ಮ್ಯಾಗ್ನೆಟೋ ಆನ್ ಇಟ್ಟು, 1800ರಿಂದ 2000 ಆರ್‌ಪಿಎಂಗೆ ಏರಿಸಿ. ಮಿಕ್ಸ್ಚರ್ ನಾಬನ್ನು ನಿಧಾನಕ್ಕೆ ಎಳೆಯುತ್ತಾ ಬನ್ನಿ. ಎಂಜಿನ್ ಇನ್ನೇನು ತಡವರಿಸುತ್ತದೆ ಅನ್ನುವಲ್ಲಿ ಕೂದಲೆಳೆಯಷ್ಟು ಒಳಗೆ ತಳ್ಳಿ ನಿಲ್ಲಿಸಿ. ಅರ್ಧ ನಿಮಿಷದಿಂದ ಒಂದು ನಿಮಿಷ ಹಾಗೇ ಓಡಲಿ. ಎಣ್ಣೆಯ ಬಿಸಿ, ಸಿಲಿಂಡರಿನ ಬಿಸಿ ನೋಡುತ್ತಿರಿ. ವಿಮಾನದ ಮೂತಿ ಗಾಳಿ ಬರುವ ಕಡೆಗಿರಲಿ, ಹಿಂದೆ ಯಾರೂ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಆಮೇಲೆ 1700ಕ್ಕೆ ಇಳಿಸಿ, ಮಿಕ್ಸ್ಚರ್ ಸರಿಮಾಡಿ, ಮತ್ತೆ ಚೆಕ್ ಮಾಡಿ.

ಸರಿಹೋದರೆ ಅದು ಮಸಿ ಅಥವಾ ಸ್ವಲ್ಪ ಸೀಸ. ಎರಡು ಸಲ ಮಾಡಿದರೂ ಬಗ್ಗದಿದ್ದರೆ ಮೂರನೇ ಸಲ ಹಟ ಹಿಡಿಯಬೇಡಿ. ಫುಲ್ ಥ್ರಾಟಲ್ ಕೊಟ್ಟು ‘ಒದರಿಸಿ’ ತೆಗೆಯುತ್ತೇನೆ ಅನ್ನುವವರೂ ಇದ್ದಾರೆ. ಅದು ಹಣೆಬರಹವನ್ನು ಪರೀಕ್ಷೆ ಮಾಡುವ ಕೆಲಸ. ಗಟ್ಟಿ ಸೀಸ ಅದರಿಂದ ಉದುರುವುದಿಲ್ಲ. ಪ್ಲಗ್‌ನ ಪಿಂಗಾಣಿ ಬಿರುಕು ಬಿಟ್ಟಿದ್ದರೆ ಪಿಸ್ಟನ್‌ಗೇ ಏಟು.

ಎಂಟರಲ್ಲಿ ಯಾವುದು?

ನಾಲ್ಕೂ ಸಿಲಿಂಡರಿನ ಎಕ್ಸಾಸ್ಟ್ ಬಿಸಿ ತೋರಿಸುವ ಮೀಟರ್ ಇದ್ದರೆ ಕೆಲಸ ಸುಲಭ. ಒಂದೇ ಮ್ಯಾಗ್ನೆಟೋದಲ್ಲಿ ಓಡಿಸಿದಾಗ ಉರಿ ನಿಧಾನವಾಗುತ್ತದೆ. ಹಾಗಾಗಿ ಹೊರಗೆ ಬರುವ ಹೊಗೆ ಇನ್ನೂ ಬಿಸಿ ಇರುತ್ತದೆ, ಮೀಟರಿನ ನಾಲ್ಕೂ ಕಂಬ ಮೇಲೇರಬೇಕು. ಮೂರು ಏರಿ ಒಂದು ಕುಸಿದರೆ ಅದೇ ಸಿಲಿಂಡರ್.

ತರಬೇತಿ ವಿಮಾನಗಳಲ್ಲಿ ಅಂಥ ಮೀಟರ್ ಇಲ್ಲದಿರುವುದೇ ಜಾಸ್ತಿ. ಆಗ ತಣ್ಣನೆಯ ಸಿಲಿಂಡರ್ ಹುಡುಕಬೇಕು. ಎಂಜಿನ್ ಪೂರ್ತಿ ಆರಿದ ಮೇಲೆ ಸ್ಟಾರ್ಟ್ ಮಾಡಿ, ದೂರು ಇರುವ ಮ್ಯಾಗ್ನೆಟೋ ಮೇಲೆ 1000ದಿಂದ 1200 ಆರ್‌ಪಿಎಂನಲ್ಲಿ ಒಂದೆರಡು ನಿಮಿಷ ಓಡಿಸಿ. ಅದೇ ಮ್ಯಾಗ್ನೆಟೋ ಮೇಲೆ ಇರುವಾಗಲೇ ಮಿಕ್ಸ್ಚರ್ ಎಳೆದು ನಿಲ್ಲಿಸಿ. ಕೀ ಆಫ್ ಮಾಡಿ ತೆಗೆಯಿರಿ, ಚಕ್ರಕ್ಕೆ ಅಡ್ಡಗಟ್ಟೆ ಕೊಡಿ, ಪ್ರೊಪೆಲರ್ ತಿರುಗುವ ಜಾಗದಿಂದ ದೂರ ನಿಂತು ಕೆಲಸ ಮಾಡಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಅನ್ನು ನಾಲ್ಕೂ ಎಕ್ಸಾಸ್ಟ್ ಪೈಪಿಗೆ, ಸಿಲಿಂಡರಿನ ಹತ್ತಿರ, ಒಂದೇ ದೂರದಿಂದ ಹಿಡಿಯಿರಿ. ಮೀಟರ್ ಇಲ್ಲವೇ? ಪ್ರತಿ ಪೈಪಿನ ಮೇಲೆ ಒಂದು ಹನಿ ನೀರು ಬಿಡಿ. ಮೂರರ ಮೇಲೆ ಚುಯ್ ಅನ್ನುತ್ತದೆ, ಒಂದರ ಮೇಲೆ ಸುಮ್ನೆ ಇಳಿದು ಹೋಗುತ್ತದೆ. ಮ್ಯಾಗ್ನೆಟೋ ಯಾವುದು ಗೊತ್ತು, ಸಿಲಿಂಡರ್ ಯಾವುದು ಗೊತ್ತಾಯಿತು. ಇನ್ನು ಉಳಿದಿರುವುದು ಒಂದೇ ಪ್ಲಗ್, ಅದರ ಒಂದು ವೈರ್.

ಬೈಕ್ ಗ್ಯಾರೇಜಿನಲ್ಲಿ ಪ್ಲಗ್ ಬಿಚ್ಚಿ, ಬಾಡಿಗೆ ತಾಗಿಸಿ, ಕಿಕ್ ಹೊಡೆದು ಕಿಡಿ ನೋಡುತ್ತಾರಲ್ವಾ, ಅದನ್ನು ಇಲ್ಲಿ ಮಾಡಲೇಬಾರದು. ಕೈಯಲ್ಲಿ ಪ್ರೊಪೆಲರ್ ತಿರುಗಿಸುವುದು ಅಪಾಯ ಅನ್ನುವುದು ಒಂದು ಕಡೆ. ಇನ್ನೊಂದು ಕಡೆ, ಬಯಲು ಗಾಳಿಯಲ್ಲಿ ಹಾರುವ ಕಿಡಿ ಸಿಲಿಂಡರಿನ ಒತ್ತಡದಲ್ಲಿ ಹಾರುತ್ತದೆ ಅಂತ ಏನೂ ಭರವಸೆ ಇಲ್ಲ. ಪ್ಲಗ್ ಪರೀಕ್ಷೆಗೆ ಒತ್ತಡ ಕೊಟ್ಟು ಕಿಡಿ ನೋಡುವ ಯಂತ್ರ ಬೇರೆಯೇ ಇದೆ.

ಪ್ಲಗ್ ಮುಖ ನೋಡುವುದು

7/8 ಇಂಚಿನ ಉದ್ದ ಸಾಕೆಟ್ ನೇರವಾಗಿ ಕೂರಬೇಕು. ಸ್ವಲ್ಪ ಓರೆಯಾದರೂ ಒಳಗಿನ ಪಿಂಗಾಣಿ ಬಿರಿಯುತ್ತದೆ, ಹೊರಗೆ ಕಾಣುವುದಿಲ್ಲ. ಕೈ ಜಾರಿ ನೆಲಕ್ಕೆ ಬಿದ್ದ ಪ್ಲಗ್ಗನ್ನು ಮತ್ತೆ ಹಾಕುವಂತಿಲ್ಲ, ಬೆಲೆ ಎಷ್ಟೇ ಇರಲಿ. ಒಂದೇ ಪ್ಲಗ್ ಮೇಲೆ ಅನುಮಾನ ಇದ್ದರೂ ಎಂಟನ್ನೂ ತೆಗೆದು ನೋಡುವುದು ಒಳ್ಳೆಯದು. ಒಂದು ಹಲಗೆಗೆ ಎಂಟು ತೂತು ಕೊರೆದು, ‘1 ಮೇಲೆ, 1 ಕೆಳಗೆ’ ಅಂತ ಬರೆದು, ಆಯಾ ತೂತಿನಲ್ಲೇ ನಿಲ್ಲಿಸಿ. ಜಾಗ ಅದಲುಬದಲಾದರೆ ಪ್ಲಗ್ ಹೇಳುವ ಕಥೆಯೂ ಅದಲುಬದಲು.

ಒಳ್ಳೆಯ ಪ್ಲಗ್ ತಿಳಿ ಕಂದು ಅಥವಾ ಬೂದು ಬಣ್ಣಕ್ಕಿರುತ್ತದೆ, ಒಣಗಿರುತ್ತದೆ, ಮೇಲೆ ತೆಳ್ಳನೆಯ ಪುಡಿ ಮಾತ್ರ.

ಒಣ ಕಪ್ಪು ಮಸಿ, ಬೆರಳಿಗೆ ಒರೆಸಿದರೆ ಬರುವಂಥದ್ದು, ಎಂಟರ ಮೇಲೂ ಇದ್ದರೆ ಪ್ಲಗ್‌ಗಳ ತಪ್ಪೇನಿಲ್ಲ. ಎಂಜಿನ್ ರಿಚ್ ಆಗಿ ಓಡುತ್ತಿದೆ.

ಬೂದು ಬಣ್ಣದ ಗಟ್ಟಿ ಕಾಳು, ಮಧ್ಯದ ಪಿಂಗಾಣಿಗೂ ಸುತ್ತಲಿನ ಲೋಹಕ್ಕೂ ನಡುವಿನ ಗುಳಿಯಲ್ಲಿ ಕಡ್ಲೆಬೇಳೆ ಚೂರಿನ ಹಾಗೆ ಅಂಟಿಕೊಂಡಿದ್ದರೆ, ಅದು ಸೀಸ. ಬೈಕ್ ಮೆಕ್ಯಾನಿಕ್‌ಗಳಿಗೆ ಇದು ಹೊಸದು, ಯಾಕೆಂದರೆ ನಮ್ಮ ಬಂಕ್ ಪೆಟ್ರೋಲಿನಲ್ಲಿ ಸೀಸ ಇಲ್ಲ. ವಿಮಾನದ 100 ಎಲ್‌ಎಲ್ ಪೆಟ್ರೋಲಿನಲ್ಲಿ ಇದೆ, ಲೀಟರಿಗೆ 0.56 ಗ್ರಾಂವರೆಗೆ. ಹೆಸರಿನಲ್ಲಿ ‘ಲೋ ಲೆಡ್’ ಇದೆ, ಆದರೆ ಹಳೆಯ ಒ-320ರ ಕಡಿಮೆ ಕಂಪ್ರೆಷನ್ ಮಾದರಿಗಳು ತಯಾರಾದದ್ದು 80/87 ಅನ್ನುವ ಪೆಟ್ರೋಲಿಗೆ. ಅದರಲ್ಲಿ ಸೀಸದ ಮಿತಿ ಲೀಟರಿಗೆ 0.14 ಗ್ರಾಂ ಇತ್ತು. ಅಂದರೆ ‘ಕಡಿಮೆ ಸೀಸ’ದ್ದರಲ್ಲಿ ಆ ಎಂಜಿನ್‌ಗೆ ನಾಲ್ಕು ಪಟ್ಟು ಸೀಸ! ಮೊದಲು ಈ ಪೆಟ್ರೋಲು ಹೊರದೇಶದಿಂದ ಬರುತ್ತಿತ್ತು. 2022ರಿಂದ ಇಂಡಿಯನ್ ಆಯಿಲ್ ತನ್ನ ಗುಜರಾತ್ ರಿಫೈನರಿಯಲ್ಲಿ ತಯಾರಿಸುತ್ತಿದೆ. ಎಲ್ಲಿ ತಯಾರಾದರೂ 100 ಎಲ್‌ಎಲ್‌ನಲ್ಲಿ ಸೀಸ ಇದ್ದೇ ಇರುತ್ತದೆ.

ಸೀಸವನ್ನು ಹೊರಗೆ ಸಾಗಿಸಲು ಪೆಟ್ರೋಲಿನಲ್ಲಿ ಎಥಿಲೀನ್ ಡೈಬ್ರೋಮೈಡ್ ಅನ್ನುವ ರಾಸಾಯನಿಕವನ್ನೂ ಬೆರೆಸಿರುತ್ತಾರೆ. ಅದು ಸೀಸವನ್ನು ಆವಿಯಾಗುವಂತೆ ಮಾಡಿ ಎಕ್ಸಾಸ್ಟ್‌ನಲ್ಲಿ ಕಳಿಸುತ್ತದೆ. ಆದರೆ ಪ್ಲಗ್‌ನ ಮೂಗು ಸುಮಾರು 430 ಡಿಗ್ರಿ ಸೆಲ್ಸಿಯಸ್ ಆದರೂ ಬಿಸಿ ಇರಬೇಕು. 700 ಆರ್‌ಪಿಎಂನಲ್ಲಿ ಹತ್ತು ನಿಮಿಷ ಐಡಲ್ ಓಡಿಸುತ್ತಾ ಸರದಿಗೆ ಕಾದರೆ ಅಷ್ಟು ಬಿಸಿ ಬರುವುದೇ ಇಲ್ಲ. ಸೀಸ ಅಲ್ಲೇ ಕೂರುತ್ತದೆ. ಅದೂ ಕೆಳಗಿನ ಪ್ಲಗ್‌ನಲ್ಲೇ ಜಾಸ್ತಿ.

ಒದ್ದೆ ಕಪ್ಪು, ಎಣ್ಣೆ ಜಿಡ್ಡು ಇದ್ದರೆ ಸ್ವಲ್ಪ ಯೋಚಿಸಬೇಕು. ಹೊಸ ಸಿಲಿಂಡರ್ ಹಾಕಿ ರಿಂಗ್ ಇನ್ನೂ ಕೂರದಿದ್ದರೆ ಸ್ವಲ್ಪ ದಿನ ಇದು ಇದ್ದದ್ದೇ. ಹಳೆಯ ಸಿಲಿಂಡರಿನಲ್ಲಿ ಒಂದು ಕೆಳಗಿನ ಪ್ಲಗ್ ಮಾತ್ರ ಮತ್ತೆ ಮತ್ತೆ ಎಣ್ಣೆಯಲ್ಲಿ ನೆನೆದು ಬಂದರೆ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿದೆ. ಪ್ಲಗ್ ತೊಳೆಯುತ್ತಾ ಕೂರಬೇಡಿ. 80 ಪಿಎಸ್‌ಐ ಗಾಳಿ ಕೊಟ್ಟು ಕಂಪ್ರೆಷನ್ ಪರೀಕ್ಷೆ ಮಾಡಿ, ಬೋರ್‌ಸ್ಕೋಪ್ (ಪ್ಲಗ್ ತೂತಿನಿಂದ ಒಳಗೆ ನೋಡುವ ಸಣ್ಣ ಕ್ಯಾಮೆರಾ) ಹಾಕಿ ನೋಡಿ.

ಪಿಂಗಾಣಿ ಗಾಜಿನ ಹಾಗೆ ಹೊಳೆಯುತ್ತಿದ್ದರೂ ನಂಬಬೇಡಿ. ಆ ಹೊಳಪಿನ ಪದರ ತಣ್ಣಗಿರುವಾಗ ಸುಮ್ಮನಿದ್ದು, ಬಿಸಿಯಾದಾಗ ಕರೆಂಟ್ ಹರಿಯಲು ಬಿಡುತ್ತದೆ. ನೆಲದ ಮೇಲೆ ಚೆಕ್ ಪಾಸ್, ಮೇಲೇರುವಾಗ ಮಿಸ್. ಇನ್ನು ಪಿಂಗಾಣಿಯ ಮೂಗು ಬಿರುಕು ಬಿಟ್ಟಿದ್ದರೆ ಆ ಪ್ಲಗ್ ಕಸದ ಬುಟ್ಟಿಗೆ. ಜೊತೆಗೆ ಆ ಸಿಲಿಂಡರಿನ ಒಳಗೂ ಇಣುಕಿ ನೋಡಲೇಬೇಕು.

ತೊಳೆಯುವುದು, ಅಳೆಯುವುದು, ಹಾಕುವುದು

ಎಮರಿ ಪೇಪರ್ ಬೇಡ, ತಂತಿ ಬ್ರಷ್ಷಿನ ಚಕ್ರ ಮೊದಲೇ ಬೇಡ. ಪಿಂಗಾಣಿ ಮೇಲೆ ಲೋಹದ ಗೆರೆ ಬಿದ್ದರೆ ಕಿಡಿ ಅದರ ಮೇಲೇ ಓಡುತ್ತದೆ. ಸೀಸದ ಕಾಳನ್ನು ಪ್ಲಗ್ ಕ್ಲೀನರಿನ ಅದುರುವ ಮೊನೆಯಿಂದ ಬಿಡಿಸಿ. ಆಮೇಲೆ ಕೆಲವೇ ಸೆಕೆಂಡು ಮರಳು ಗಾಳಿ, ಒಣ ಗಾಳಿ, ಕೊನೆಗೆ ಸಾಲ್ವೆಂಟ್. ಒಂದು ಕಾಳು ಮರಳೂ ಒಳಗೆ ಉಳಿಯಬಾರದು.

ತೊಳೆದ ಪ್ಲಗ್ ಹೊಳೆಯುತ್ತಿದೆ ಅಂತ ಹಾಗೇ ಹಾಕಿಬಿಡುತ್ತಾರೆ. ಇನ್ನೊಂದು ಪರೀಕ್ಷೆ ಬಾಕಿ ಇದೆ. ವಿಮಾನದ ಪ್ಲಗ್‌ಗಳಲ್ಲಿ ಸಾಮಾನ್ಯವಾಗಿ ಒಳಗೊಂದು ರೆಸಿಸ್ಟರ್ ಇರುತ್ತದೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ವೈರ್ ಕೂರುವ ಮೇಲಿನ ಬಾವಿಯ ತಳಕ್ಕೂ ಇನ್ನೊಂದನ್ನು ಮಧ್ಯದ ಎಲೆಕ್ಟ್ರೋಡಿಗೂ ಇಟ್ಟು ನೋಡಿ. ಸುಮಾರು ಒಂದು ಸಾವಿರ ಓಮ್ ಬಂದರೆ ಚೆನ್ನಾಗಿದೆ. 5000 ದಾಟಿದರೆ ಎಷ್ಟು ಶುಭ್ರವಾಗಿದ್ದರೂ ಆ ಪ್ಲಗ್ ಬೇಡ. ಮಸಿಯ ಮೇಲೆ ಗೂಬೆ ಕೂರಿಸಿದ ಎಷ್ಟೋ ಕೇಸುಗಳು ಈ ಮೀಟರಿನ ಮುಂದೆ ಬಯಲಾಗುತ್ತವೆ. ಕಿಡಿ ದುರ್ಬಲವಾದರೆ ಪ್ಲಗ್ ಬೇಗ ಮಸಿ ಹಿಡಿಯುತ್ತದೆ. ನಾವು ಮಸಿ ತೊಳೆದು ಅದೇ ಪ್ಲಗ್ ಹಾಕುತ್ತೇವೆ, ಕೆಲವು ದಿನಕ್ಕೆ ಮತ್ತೆ ಅದೇ ದೂರು.

ಆರ್‌ಇಎಂ40ಇ ತರಹದ ದಪ್ಪ ಎಲೆಕ್ಟ್ರೋಡಿನ ಪ್ಲಗ್‌ಗೆ ಗ್ಯಾಪ್ 0.016ರಿಂದ 0.021 ಇಂಚು. ಹೊರಗಿನ ಎಲೆಕ್ಟ್ರೋಡನ್ನು ಒಳಕ್ಕೆ ಒತ್ತುವುದು ಮಾತ್ರ. ಜಾಸ್ತಿ ಒತ್ತಿಬಿಟ್ಟರೆ ಮತ್ತೆ ಅಗಲ ಮಾಡಲು ಹೋಗಬಾರದು. ಒತ್ತುವಾಗ ಗೇಜ್ ನಡುವೆ ಇರಕೂಡದು, ಮಧ್ಯದ ಪಿಂಗಾಣಿ ಬಿರಿಯುತ್ತದೆ.

ಹಾಕುವಾಗ ಹೊಸ ತಾಮ್ರದ ವಾಷರ್ ಬಳಸಿ. ಬಿಸಿ ಅಳೆಯುವ ವಾಷರ್ ಇರುವ ಸಿಲಿಂಡರಿನಲ್ಲಿ ತಾಮ್ರದ್ದು ಬೇಡ, ಎರಡೂ ಸೇರಿದರೆ ಪ್ಲಗ್ ಪೂರ್ತಿ ಕೂರುವುದಿಲ್ಲ. ಆ್ಯಂಟಿ ಸೀಜ್ ಪೇಸ್ಟ್ ಒಂದು ಚೂರು, ತುದಿಯ ಮೊದಲ ಎಳೆ ಬಿಟ್ಟು. ಬೆರಳಲ್ಲೇ ವಾಷರ್ ತಾಗುವವರೆಗೆ ತಿರುಗಬೇಕು. ಆಮೇಲೆ ಟಾರ್ಕ್ ಪಾನಾ, ಲೈಕಮಿಂಗ್‌ಗೆ 420 ಇಂಚು-ಪೌಂಡ್. ಮೇಲಿನದ್ದು ಕೆಳಗೆ, ಕೆಳಗಿನದ್ದು ಮೇಲೆ, ಜೊತೆಗೆ ಫೈರಿಂಗ್ ಆರ್ಡರಿನಲ್ಲಿ, ಅಂದರೆ 1-3-2-4ರಲ್ಲಿ, ಮುಂದಿನ ಸಿಲಿಂಡರಿಗೆ. ಹೀಗೆ ಜಾಗ ಬದಲಿಸಿದರೆ ಸೀಸವೂ ಸವೆತವೂ ಹಂಚಿಹೋಗುತ್ತವೆ. ವೈರಿನ ತುದಿಯನ್ನು ಬೆರಳಿಂದ ಮುಟ್ಟಬೇಡಿ. ಬೆವರಿನ ಉಪ್ಪೇ ಸಾಕು, ಕರೆಂಟ್ ಅಡ್ಡದಾರಿ ಹಿಡಿಯಲು.

ಮತ್ತೆ ಮತ್ತೆ ಯಾಕೆ ಬರುತ್ತದೆ?

ಚಿಕ್ಕಬಳ್ಳಾಪುರವಾಗಲಿ ಜಕ್ಕೂರಾಗಲಿ, ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಮೇಲಿವೆ. ಅಷ್ಟು ಎತ್ತರದಲ್ಲಿ ಗಾಳಿ ಶೇಕಡಾ ಎಂಟರಷ್ಟು ತೆಳುವು. ಇದಕ್ಕೆ ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿ ಬಿಸಿಲು ಸೇರಿಸಿ. ಲೆಕ್ಕ ಹಾಕಿದರೆ ಎಂಜಿನ್‌ಗೆ ಸಿಗುವ ಗಾಳಿ 6000 ಅಡಿ ಎತ್ತರದ ಗಾಳಿಗೆ ಸಮ. ನಂದಿಬೆಟ್ಟದ ತುದಿಯೇ 4851 ಅಡಿ. ಅಂದರೆ ವಿಮಾನ ನೆಲದ ಮೇಲೆ ನಿಂತಿದೆ, ಎಂಜಿನ್ ಮಾತ್ರ ನಂದಿಯ ನೆತ್ತಿಗಿಂತ ಸಾವಿರ ಅಡಿ ಮೇಲೆ ಉಸಿರಾಡುತ್ತಿದೆ. ಕೆಂಪು ನಾಬ್ ಪೂರ್ತಿ ಒಳಗಿದ್ದರೆ ಪೆಟ್ರೋಲು ಮಾತ್ರ ಸಮುದ್ರ ಮಟ್ಟದ ಲೆಕ್ಕದಲ್ಲೇ ಸುರಿಯುತ್ತಿರುತ್ತದೆ. ಉರಿಯದೆ ಉಳಿದದ್ದು ಮಸಿ, ಬಿಸಿ ಸಾಲದ್ದಕ್ಕೆ ಸೀಸ.

ಹಾಗಾಗಿ ಸ್ಟಾರ್ಟ್ ಆಗಿ ಎಣ್ಣೆ ಒತ್ತಡ ಬಂದ ಕೂಡಲೇ ಮಿಕ್ಸ್ಚರ್ ಎಳೆದು ಲೀನ್ (ಪೆಟ್ರೋಲು ಕಡಿಮೆ) ಮಾಡಿ ಟ್ಯಾಕ್ಸಿ ಮಾಡಬೇಕು, ಅಂದರೆ ನೆಲದ ಮೇಲೆ ಓಡಿಸಬೇಕು. ಅರ್ಧಂಬರ್ಧ ಎಳೆಯಬೇಡಿ. ಚೆನ್ನಾಗಿ ಎಳೆಯಿರಿ, ಥ್ರಾಟಲ್ ಸ್ವಲ್ಪ ಜಾಸ್ತಿ ಕೊಟ್ಟರೆ ಎಂಜಿನ್ ಮುಗ್ಗರಿಸುವಷ್ಟು. ಆಗ ಮರೆತು ಲೀನ್‌ನಲ್ಲೇ ಟೇಕಾಫ್ ಮಾಡುವ ಭಯ ಇಲ್ಲ, ಎಂಜಿನ್ ಒಪ್ಪುವುದೇ ಇಲ್ಲ. ಐಡಲ್‌ನಂಥ ಕಡಿಮೆ ಪವರಿನಲ್ಲಿ ಲೀನ್ ಮಾಡಿದರೆ ಎಂಜಿನ್ ಸುಟ್ಟುಹೋಗುತ್ತದೆ ಅನ್ನುವ ಮಾತು ಇನ್ನೂ ಓಡಾಡುತ್ತಿದೆ. ಅದಕ್ಕೆ ಆಧಾರವಿಲ್ಲ. ಇನ್ನು ಟೇಕಾಫ್ ಬಗ್ಗೆ ಸೆಸ್ನಾ 172ರ ಕೈಪಿಡಿಯೇ ಹೇಳುತ್ತದೆ: 3000 ಅಡಿಗಿಂತ ಎತ್ತರದ ಏರ್‌ಫೀಲ್ಡ್‌ನಿಂದ ಹೊರಡುವಾಗ ಫುಲ್ ಥ್ರಾಟಲ್‌ನಲ್ಲಿ ಅತಿ ಹೆಚ್ಚು ಆರ್‌ಪಿಎಂ ಬರುವ ಹಾಗೆ ಮಿಕ್ಸ್ಚರ್ ಹೊಂದಿಸಬೇಕು ಅಂತ. ನಾವಿರುವುದು ಆ ಗೆರೆಯ ಮೇಲೇ.

ಐಡಲ್ 1000ದಿಂದ 1200ರಲ್ಲಿರಲಿ. ನಿಲ್ಲಿಸುವ ಮುಂಚೆ, ಬಿಸಿ ಸಮಸ್ಥಿತಿಗೆ ಬಂದ ಮೇಲೆ, 1800ಕ್ಕೆ ಏರಿಸಿ 15ರಿಂದ 20 ಸೆಕೆಂಡು ಬಿಟ್ಟು, ಮತ್ತೆ 1200ಕ್ಕಿಳಿಸಿ, ಕೂಡಲೇ ಮಿಕ್ಸ್ಚರ್ ಎಳೆದು ನಿಲ್ಲಿಸಿ. ಇದು ಲೈಕಮಿಂಗ್ ಕಂಪನಿಯೇ ಹೇಳಿರುವ ರೂಢಿ. ಸೀಸ ಸುಟ್ಟು ಹೋಗಲು ಅಷ್ಟು ಬಿಸಿ ಸಾಕು.

ಪೈಲಟ್‌ಗಳು ಇಷ್ಟೆಲ್ಲ ಮಾಡಿದರೂ ಎಂಟೂ ಪ್ಲಗ್ ಮಸಿಯಾಗೇ ಬಂದರೆ ಎಂಜಿನ್ ಕಡೆ ತಿರುಗಿ. ಏರ್ ಫಿಲ್ಟರ್ ಧೂಳು ಕಟ್ಟಿದೆಯಾ? ಕಾರ್ಬ್ಯುರೇಟರಿಗೆ ಬಿಸಿ ಗಾಳಿ ಬಿಡುವ ‘ಕಾರ್ಬ್ಯುರೇಟರ್ ಹೀಟ್’ ಪೂರ್ತಿ ಮುಚ್ಚುತ್ತಿದೆಯಾ? ಸ್ಟಾರ್ಟ್ ಮಾಡುವಾಗ ಪೆಟ್ರೋಲು ಚಿಮ್ಮಿಸುವ ಪ್ರೈಮರ್ ಪಂಪ್ ಲಾಕ್ ಆಗಿದೆಯಾ, ಇಲ್ಲ ಅದರಿಂದ ಪೆಟ್ರೋಲು ಜಿನುಗುತ್ತಿದೆಯಾ? ಪ್ರೈಮರ್ ಪೈಪ್ ಹೋಗುವ ಸಿಲಿಂಡರಿನ ಪ್ಲಗ್ ಮಾತ್ರ ಕಪ್ಪಾಗಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಆಮೇಲೆ ಐಡಲ್ ಮಿಕ್ಸ್ಚರ್: ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿರುವಾಗ ಕೆಂಪು ನಾಬನ್ನು ನಿಧಾನಕ್ಕೆ ಎಳೆಯಿರಿ. ಎಂಜಿನ್ ನಿಲ್ಲುವ ಮುಂಚೆ ಆರ್‌ಪಿಎಂ ಸ್ವಲ್ಪ ಏರಬೇಕು. 50ಕ್ಕಿಂತ ಜಾಸ್ತಿ ಏರಿದರೆ ಐಡಲ್ ರಿಚ್ ಆಗಿದೆ, ಕಾರ್ಬ್ಯುರೇಟರಿನ ಸ್ಕ್ರೂ ಹೊಂದಿಸಬೇಕು.

ಒಂದೇ ಪ್ಲಗ್ ಮತ್ತೆ ಮತ್ತೆ ಕೆಡುತ್ತಿದ್ದರೆ ಪ್ಲಗ್‌ನ ಜಾಗ ಬದಲಿಸಿ ನೋಡಿ. ಪಕ್ಕದ ಸಿಲಿಂಡರಿಗೆ ಹಾಕಿದಾಗ ದೋಷವೂ ಅದರ ಜೊತೆ ಹೋದರೆ ಪ್ಲಗ್ಗೇ ಕೆಟ್ಟದ್ದು. ಹಳೆಯ ಜಾಗದಲ್ಲೇ ಉಳಿದರೆ ಮ್ಯಾಗ್ನೆಟೋದಿಂದ ಪ್ಲಗ್‌ಗೆ ಬರುವ ಹಾರ್ನೆಸ್ ವೈರನ್ನು ಹೈ ವೋಲ್ಟೇಜ್ ಟೆಸ್ಟರಿನಲ್ಲಿ ಪರೀಕ್ಷಿಸಿ, ಅದೂ ಪಾಸಾದರೆ ಮ್ಯಾಗ್ನೆಟೋದೊಳಗೆ ಕಿಡಿಯನ್ನು ಒಂದೊಂದು ವೈರಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಬ್ಲಾಕ್ ತೆರೆಯಬೇಕು.